ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಇದ್ದವರಿಗೆ: ಲೀಸ್ ವಿಸ್ತರಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಲೌ, ಹೌನ್ಸ್ಲೋ, ರೆಡಿಂಗ್, ಕ್ರಾಯ್ಡನ್ ಕಡೆ ಫ್ಲ್ಯಾಟ್ ಕೊಂಡ ಕನ್ನಡಿಗರು ಕಡಿಮೆಯೇನಿಲ್ಲ. ಕೊಳ್ಳುವಾಗ ಸಾಲ, ಬಡ್ಡಿ, ಸ್ಟೇಷನ್ನಿಗೆ ಎಷ್ಟು ದೂರ ಎಲ್ಲವನ್ನೂ ವಿಚಾರಿಸಿರುತ್ತಾರೆ. ಲೀಸಿನಲ್ಲಿ ಎಷ್ಟು ವರ್ಷ ಉಳಿದಿದೆ ಎಂಬುದನ್ನು ಮಾತ್ರ ಮಾರುವ ದಿನ ಬಂದಾಗಲೇ ನೋಡುವುದು. ಅಷ್ಟರಲ್ಲಿ ಸಾವಿರಾರು ಪೌಂಡ್ ಕೈಬಿಟ್ಟಿರುತ್ತದೆ. ಅದಾಗಬಾರದು ಎಂದೇ ಈ ಪುಟ. ಇಲ್ಲಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು. ಸ್ಕಾಟ್ಲೆಂಡಿನಲ್ಲಿ ಫ್ಲ್ಯಾಟ್ ಮಾಲೀಕತ್ವದ ಪದ್ಧತಿಯೇ ಬೇರೆ, ಉತ್ತರ ಐರ್ಲೆಂಡಿಗೆ ಅದರದೇ ಕಾನೂನಿದೆ.

ಫ್ಲ್ಯಾಟ್ ಕೊಂಡಿದ್ದೇನೆ, ಕಂತು ಕಟ್ಟುತ್ತಿದ್ದೇನೆ. ಆದರೂ ಅದು ನನ್ನದಲ್ಲವೇ?

ನಿಮ್ಮದೇ, ಆದರೆ ಒಂದು ಅವಧಿಯವರೆಗೆ. ನೆಲ ಮತ್ತು ಕಟ್ಟಡ ಫ್ರೀಹೋಲ್ಡರ್‌ನದು. ನೀವು ಕೊಂಡಿರುವುದು 99 ಅಥವಾ 125 ವರ್ಷ ಆ ಫ್ಲ್ಯಾಟನ್ನು ಅನುಭವಿಸುವ, ಮಾರುವ, ಬಾಡಿಗೆಗೆ ಕೊಡುವ ಹಕ್ಕು. ಬೆಂಗಳೂರಿನಲ್ಲಿ ಒಂದಷ್ಟು ಲಕ್ಷ ಮುಂಗಡ ಕೊಟ್ಟು ಎರಡು ಮೂರು ವರ್ಷಕ್ಕೆ ಹಿಡಿಯುವ ಲೀಸಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಅವಧಿ ಮುಗಿದಾಗ ದುಡ್ಡು ವಾಪಸ್ ಬರುತ್ತದೆ. ಇಲ್ಲಿ ಹಾಗೆ ಏನೂ ಬರುವುದಿಲ್ಲ, ಅವಧಿ ಮುಗಿದರೆ ಫ್ಲ್ಯಾಟಿನ ಒಡೆತನವೇ ಫ್ರೀಹೋಲ್ಡರ್‌ಗೆ ಮರಳುತ್ತದೆ.

ಯಾರೂ ಅಲ್ಲಿಯವರೆಗೆ ಬಿಡುವುದಿಲ್ಲ ನಿಜ. ಆದರೆ ಉಳಿದ ವರ್ಷ ಕಡಿಮೆಯಾದಂತೆ ಫ್ಲ್ಯಾಟಿನ ಬೆಲೆ ಇಳಿಯುತ್ತದೆ, ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ, ವಿಸ್ತರಣೆಯ ಖರ್ಚು ಏರುತ್ತದೆ.

ಎಷ್ಟು ವರ್ಷ ಉಳಿದಿದೆ ಎಂದು ತಿಳಿಯುವುದು ಹೇಗೆ?

ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ತಾಣದಲ್ಲಿ ನಿಮ್ಮ ಫ್ಲ್ಯಾಟಿನ ಟೈಟಲ್ ರಿಜಿಸ್ಟರ್ ತೆಗೆಸಿಕೊಳ್ಳಿ. 2024ರ ಡಿಸೆಂಬರ್‌ನಿಂದ ಅದಕ್ಕೆ 7 ಪೌಂಡ್. ಅದೇ ಹೆಸರಿನ ಖಾಸಗಿ ತಾಣಗಳು ಹೆಚ್ಚು ಕೇಳುತ್ತವೆ, ಹುಷಾರು. ರಿಜಿಸ್ಟರಿನ ಮೊದಲ ಭಾಗದಲ್ಲೇ ಲೀಸಿನ ತಾರೀಖು ಮತ್ತು ಅವಧಿ ಇರುತ್ತದೆ.

ಅಲ್ಲಿ ನೋಡಬೇಕಾದ್ದು ಅವಧಿ ಎಂದಿನಿಂದ ಶುರುವಾಗಿದೆ ಎಂಬುದನ್ನು. ನೀವು ಕೊಂಡ ದಿನ ಅದಲ್ಲ, ಎಷ್ಟೋ ಸಲ ಲೀಸಿಗೆ ಸಹಿ ಬಿದ್ದ ದಿನವೂ ಅಲ್ಲ. ‘1988ರ ಜೂನ್ 24ರಿಂದ 99 ವರ್ಷ’ ಎಂದಿದ್ದರೆ ಅದು 2087ರ ಜೂನ್‌ಗೆ ಮುಗಿಯುತ್ತದೆ. 80 ವರ್ಷ ಉಳಿಯುವ ಗಡಿಯನ್ನು (ಅದೇಕೆ ಮುಖ್ಯ ಎಂಬುದು ಮುಂದೆ ಇದೆ) 2007ರಲ್ಲೇ ದಾಟಿ ಆಗಿದೆ. ‘1985ರ ಜನವರಿ 1ರಿಂದ 125 ವರ್ಷ’ ಎಂದಿದ್ದರೆ 2109ರ ಕೊನೆಯವರೆಗೆ ಇದೆ. ಗಡಿ ಬರುವುದು 2029ರ ಕೊನೆಗೆ. ಈ ಗಡಿಯ ತಾರೀಖನ್ನು ಲೆಕ್ಕ ಹಾಕಿ ಫೋನಿನ ಕ್ಯಾಲೆಂಡರಿಗೆ ಇವತ್ತೇ ಹಾಕಿಕೊಳ್ಳಿ, ಅದಕ್ಕೆ ಒಂದು ವರ್ಷ ಮುಂಚಿನ ಜ್ಞಾಪನೆಯ ಸಮೇತ.

ವಿಸ್ತರಣೆ ಮಾಡಿಸಿದರೆ ಸಿಗುವುದೇನು?

ಕಾನೂನಿನ ದಾರಿಯಲ್ಲಿ ಹೋದರೆ, ಈಗ ಜಾರಿಯಲ್ಲಿರುವ 1993ರ ಕಾಯ್ದೆಯಂತೆ, ಉಳಿದಿರುವ ವರ್ಷಗಳ ಮೇಲೆ ಇನ್ನೂ 90 ವರ್ಷ ಸೇರುತ್ತದೆ, ಗ್ರೌಂಡ್ ರೆಂಟ್ (ನೆಲಕ್ಕೆಂದು ಫ್ರೀಹೋಲ್ಡರ್‌ಗೆ ವರ್ಷ ವರ್ಷ ಕಟ್ಟುವ ಬಾಡಿಗೆ) ಸೊನ್ನೆಯಾಗುತ್ತದೆ. ಅಂದರೆ 82 ಇದ್ದದ್ದು 172 ಆಗುತ್ತದೆ. ಪತ್ರದಲ್ಲಿ ಗ್ರೌಂಡ್ ರೆಂಟ್ ‘ಪೆಪ್ಪರ್‌ಕಾರ್ನ್’ ಎಂದು ಬರೆದಿರುತ್ತದೆ. ಕೊಡಬೇಕಾದ್ದು ಏನೂ ಇಲ್ಲ ಎಂದೇ ಅದರ ಅರ್ಥ. ಕಟ್ಟಡದ ನಿರ್ವಹಣೆಗೆ ಕೊಡುವ ಸರ್ವಿಸ್ ಚಾರ್ಜ್ ಮಾತ್ರ ಮೊದಲಿನಂತೆಯೇ ಇರುತ್ತದೆ. ಲೀಸಿನ ಉಳಿದ ಷರತ್ತುಗಳೂ ಬಹುಮಟ್ಟಿಗೆ ಹಾಗೇ ಮುಂದುವರಿಯುತ್ತವೆ.

ಎಲ್ಲರೂ ‘80 ವರ್ಷ, 80 ವರ್ಷ’ ಎನ್ನುತ್ತಾರಲ್ಲ, ಏನದು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನೇ ಓದಿ.

ಫ್ರೀಹೋಲ್ಡರ್‌ಗೆ ಕೊಡಬೇಕಾದ ಮೊತ್ತಕ್ಕೆ ಪ್ರೀಮಿಯಂ ಎನ್ನುತ್ತಾರೆ. ಅದರಲ್ಲಿ ಮೂರು ಭಾಗ. ಮೊದಲನೆಯದು, ಆತ ಕಳೆದುಕೊಳ್ಳುವ ಗ್ರೌಂಡ್ ರೆಂಟಿನ ಇಂದಿನ ಬೆಲೆ. ಎರಡನೆಯದು, ಲೀಸ್ ಮುಗಿದಾಗ ಆತನಿಗೆ ಮರಳಬೇಕಿದ್ದ ಫ್ಲ್ಯಾಟಿನ ಇಂದಿನ ಬೆಲೆ. ಇದನ್ನು ಫ್ಲ್ಯಾಟುಗಳಿಗೆ ವರ್ಷಕ್ಕೆ ಶೇ 5ರಂತೆ ಹಿಂದಕ್ಕೆ ಇಳಿಸಿ ಲೆಕ್ಕ ಹಾಕುವುದು 2006ರ ಸ್ಪೋರ್ಟೆಲ್ಲಿ ಪ್ರಕರಣದ ತೀರ್ಪಿನಿಂದ ರೂಢಿಯಾಗಿದೆ. ಮೂರನೆಯದೇ ಮ್ಯಾರೇಜ್ ವ್ಯಾಲ್ಯೂ. ಲೀಸ್ ಉದ್ದವಾದ ಕೂಡಲೇ ಫ್ಲ್ಯಾಟಿನ ಬೆಲೆ ಏರುತ್ತದಲ್ಲ, ಆ ಲಾಭದಲ್ಲಿ ಅರ್ಧ ಫ್ರೀಹೋಲ್ಡರ್‌ಗೆ ಸಲ್ಲಬೇಕು. ವಿಸ್ತರಣೆ ಕೇಳಿ ನೀವು ಫ್ರೀಹೋಲ್ಡರ್‌ಗೆ ನೋಟಿಸ್ ಕೊಟ್ಟ ದಿನ 80ಕ್ಕಿಂತ ಹೆಚ್ಚು ವರ್ಷ ಉಳಿದಿದ್ದರೆ ಈ ಮೂರನೇ ಭಾಗ ಲೆಕ್ಕಕ್ಕೇ ಬರುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಉದ್ದದ ಲೀಸ್ ಇದ್ದರೆ 3 ಲಕ್ಷ ಪೌಂಡ್ ಬಾಳುವ ಫ್ಲ್ಯಾಟ್, ಏರಿಕೆಯಿಲ್ಲದ ಗ್ರೌಂಡ್ ರೆಂಟ್ ವರ್ಷಕ್ಕೆ 200 ಪೌಂಡ್ ಎಂದುಕೊಳ್ಳಿ. ರೆಂಟಿನ ಇಂದಿನ ಬೆಲೆ ಕಟ್ಟುವ ದರ ವರ್ಷಕ್ಕೆ ಶೇ 6 ಎಂದು ಹಿಡಿದಿದ್ದೇನೆ.

81 ವರ್ಷ ಉಳಿದಿದ್ದರೆ: ಗ್ರೌಂಡ್ ರೆಂಟಿನ ಬಾಬ್ತು ಸುಮಾರು 3,300, ಫ್ಲ್ಯಾಟ್ ಮರಳುವ ಬಾಬ್ತು ಸುಮಾರು 5,750. ಒಟ್ಟು 9,000 ಪೌಂಡಿನ ಆಸುಪಾಸು.

78 ವರ್ಷ ಉಳಿದಿದ್ದರೆ: ಮೊದಲೆರಡು ಬಾಬ್ತು ಸೇರಿ ಸುಮಾರು 10,000. ಇದರ ಮೇಲೆ ಮ್ಯಾರೇಜ್ ವ್ಯಾಲ್ಯೂ. ಈಗಿನ ಗಿಡ್ಡ ಲೀಸಿನ ಬೆಲೆ 2,70,000 ಎಂದು ವ್ಯಾಲ್ಯುಯರ್ (ಆಸ್ತಿಗೆ ಬೆಲೆ ಕಟ್ಟುವ ತಜ್ಞರು) ಹೇಳಿದರೆ, 3 ಲಕ್ಷದಲ್ಲಿ 2,70,000 ಮತ್ತು 10,000 ಕಳೆದು ಉಳಿಯುವುದು 20,000; ಅದರಲ್ಲಿ ಅರ್ಧ 10,000. ಒಟ್ಟು 20,000 ಪೌಂಡ್.

ಮೂರೇ ವರ್ಷಕ್ಕೆ ಪ್ರೀಮಿಯಂ ದುಪ್ಪಟ್ಟಿಗಿಂತ ಹೆಚ್ಚಾಯಿತು. ಫ್ಲ್ಯಾಟು ಅದೇ, ಗೋಡೆ ಅದೇ. ನೋಟಿಸ್ ಕೊಡದೆ ಕೂತದ್ದಕ್ಕೆ ತೆತ್ತ ಬೆಲೆ ಅದು.

ಜಗಳವೆಲ್ಲ ನಡೆಯುವುದು ಆ 2,70,000ದ ಸುತ್ತ. ಗಿಡ್ಡ ಲೀಸಿನ ಬೆಲೆ ಉದ್ದದ ಲೀಸಿನ ಬೆಲೆಗೆ ಶೇಕಡಾ ಎಷ್ಟು ಎಂಬುದಕ್ಕೆ ರಿಲೆಟಿವಿಟಿ ಎನ್ನುತ್ತಾರೆ. ನಿಮ್ಮ ವ್ಯಾಲ್ಯುಯರ್ ಅದು ಹೆಚ್ಚು ಎನ್ನುತ್ತಾರೆ, ಅವರ ವ್ಯಾಲ್ಯುಯರ್ ಕಡಿಮೆ ಎನ್ನುತ್ತಾರೆ. ನೀವು ಸ್ವಂತ ಖರ್ಚಿನಲ್ಲಿ ಅಡುಗೆಮನೆ ಬದಲಾಯಿಸಿದ್ದರೆ, ಇನ್ನೊಂದು ಬಚ್ಚಲು ಕಟ್ಟಿಸಿದ್ದರೆ, ಅದರಿಂದ ಏರಿದ ಬೆಲೆಯನ್ನು ಲೆಕ್ಕದಿಂದ ಬಿಡಬೇಕು ಎಂಬ ನಿಯಮವಿದೆ. ಹಳೆಯ ಬಿಲ್ಲು, ಫೋಟೊ ಇದ್ದರೆ ವ್ಯಾಲ್ಯುಯರ್ ಕೈಗೆ ಕೊಡಿ.

2024ರ ಹೊಸ ಕಾಯ್ದೆ ಬಂದಿದೆಯಲ್ಲ, ಕಾಯುವುದು ಒಳ್ಳೆಯದಲ್ಲವೇ?

ಲೀಸ್‌ಹೋಲ್ಡ್ ಆ್ಯಂಡ್ ಫ್ರೀಹೋಲ್ಡ್ ರಿಫಾರ್ಮ್ ಆ್ಯಕ್ಟ್‌ಗೆ 2024ರ ಮೇ 24ರಂದು ರಾಜಮುದ್ರೆ ಬಿತ್ತು. ಅದರಲ್ಲಿ ನಮಗೆ ಬೇಕಾದದ್ದೆಲ್ಲ ಇದೆ: 90ರ ಬದಲು 990 ವರ್ಷ, ಮ್ಯಾರೇಜ್ ವ್ಯಾಲ್ಯೂ ರದ್ದು, ಗ್ರೌಂಡ್ ರೆಂಟ್ ಎಷ್ಟೇ ಇದ್ದರೂ ಲೆಕ್ಕಕ್ಕೆ ಫ್ಲ್ಯಾಟ್ ಬೆಲೆಯ ಶೇ 0.1ರ ಮಿತಿ, ಫ್ರೀಹೋಲ್ಡರ್ ಖರ್ಚು ಸಾಮಾನ್ಯವಾಗಿ ಫ್ರೀಹೋಲ್ಡರ್‌ನದೇ. ಆದರೆ ಕಾಯ್ದೆ ಆಗುವುದು ಬೇರೆ, ಜಾರಿಗೆ ಬರುವುದು ಬೇರೆ. ಇದನ್ನು ಬರೆಯುವ ಹೊತ್ತಿಗೆ ವಿಸ್ತರಣೆಯ ಮಟ್ಟಿಗೆ ಜಾರಿಯಾಗಿರುವ ಮುಖ್ಯ ಬದಲಾವಣೆ ಒಂದೇ: ಫ್ಲ್ಯಾಟ್ ಕೊಂಡು ಎರಡು ವರ್ಷ ಕಾಯಬೇಕೆಂಬ ನಿಯಮ 2025ರ ಜನವರಿ 31ರಂದು ಹೋಯಿತು.

ಗ್ರೋವ್ನರ್, ಕಾಡೊಗನ್‌ನಂಥ ಲಂಡನ್ನಿನ ದೊಡ್ಡ ಭೂಮಾಲೀಕರು ಮತ್ತಿತರರು ಈ ಕಾಯ್ದೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2025ರ ಅಕ್ಟೋಬರ್‌ನಲ್ಲಿ ಆ ಅರ್ಜಿಗಳು ವಜಾ ಆದವು. ಆದರೂ ಯಾವ ದರದಲ್ಲಿ ಲೆಕ್ಕ ಹಾಕಬೇಕೆಂದು ಸರ್ಕಾರ ನಿಯಮ ಹೊರಡಿಸುವವರೆಗೆ ಹಳೆಯ ಲೆಕ್ಕವೇ ನಡೆಯುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ. ನಿಮ್ಮಲ್ಲಿ 80ರಿಂದ 83ರೊಳಗೆ ಉಳಿದಿದ್ದರೆ ಕಾಯಬೇಡಿ, ನೋಟಿಸ್ ಕೊಡಿ. ಬರಲಿರುವ ಕಾನೂನಿನ ಭರವಸೆಯಲ್ಲಿ ಕೈಯಲ್ಲಿರುವ ಕಾನೂನಿನ ರಕ್ಷಣೆ ಬಿಡುವುದು ತರವಲ್ಲ. 90ಕ್ಕಿಂತ ಹೆಚ್ಚಿದ್ದರೆ ಅವಸರವಿಲ್ಲ, ಕಾದು ನೋಡಬಹುದು. ಈಗಾಗಲೇ 80ರ ಕೆಳಗೆ ಬಿದ್ದಿದ್ದು, ಹತ್ತಿರದಲ್ಲಿ ಮಾರುವ, ಸಾಲ ಬದಲಾಯಿಸುವ ಯೋಚನೆ ಇಲ್ಲದಿದ್ದರೆ ಕಾಯುವುದಕ್ಕೂ ಅರ್ಥವಿದೆ, ಏಕೆಂದರೆ ಮ್ಯಾರೇಜ್ ವ್ಯಾಲ್ಯೂ ಹೋದರೆ ಉಳಿಯುವ ದುಡ್ಡು ದೊಡ್ಡದು. ಮಾರಲೇಬೇಕು ಎಂದಿದ್ದರೆ ಆ ಲೆಕ್ಕಾಚಾರ ಬಿಟ್ಟು ಈಗಲೇ ಮಾಡಿಸಿ.

ಫ್ರೀಹೋಲ್ಡರ್ ಕಡೆಯಿಂದಲೇ ಪತ್ರ ಬಂದಿದೆ, ಕಡಿಮೆ ದುಡ್ಡಿಗೆ ಮಾಡಿಕೊಡುತ್ತಾರಂತೆ. ಒಪ್ಪಲೇ?

ಪರಿಚಯದ ದಂಪತಿಯೊಬ್ಬರಿಗೆ ಬಂದಿದ್ದ ಇಂಥ ಪತ್ರ ನೋಡಿದ್ದೇನೆ. ಒಂದೇ ಹಾಳೆ, ಭಾಷೆ ಬಹಳ ಸೌಜನ್ಯದ್ದು. ದಪ್ಪ ಅಕ್ಷರದಲ್ಲಿ ಪ್ರೀಮಿಯಂ, ಅದರ ಕೆಳಗೆ ‘28 ದಿನದೊಳಗೆ ಒಪ್ಪಿದರೆ ಮಾತ್ರ’. ನಿಮ್ಮ ಲೀಸನ್ನು 125 ವರ್ಷಕ್ಕೆ ತರುತ್ತೇವೆ ಎಂದಿತ್ತು. ಅವರಲ್ಲಿ ಆಗ 82 ಉಳಿದಿತ್ತು. ಅಂದರೆ ಸೇರುತ್ತಿದ್ದದ್ದು 43 ವರ್ಷ, 90 ಅಲ್ಲ. ಜೊತೆಗೆ ಲಗತ್ತಿಸಿದ್ದ ಷರತ್ತುಗಳಲ್ಲಿ, ಗ್ರೌಂಡ್ ರೆಂಟ್ ಈಗಿನ ಅವಧಿ ಮುಗಿಯುವವರೆಗೆ ಹಾಗೇ ಮುಂದುವರಿಯುತ್ತದೆ ಎಂದು ಸಣ್ಣಕ್ಷರದಲ್ಲಿತ್ತು. ಇನ್ನೂ 82 ವರ್ಷ ರೆಂಟು! ಕಾನೂನಿನ ದಾರಿಗಿಂತ ಸ್ವಲ್ಪ ಕಡಿಮೆ ಎನಿಸಿದ ಮೊತ್ತ, ಸಿಗುವುದನ್ನು ನೋಡಿದರೆ ದುಬಾರಿಯೇ ಆಗಿತ್ತು.

ಹೀಗೆ ಮಾತಿನಲ್ಲಿ ಮುಗಿಸಿಕೊಳ್ಳುವುದು ತಪ್ಪಲ್ಲ. ಬೇಗ ಆಗುತ್ತದೆ, ಕೆಲವೊಮ್ಮೆ ನಿಜವಾಗಿಯೂ ಅಗ್ಗವಾಗುತ್ತದೆ. 2022ರ ಜೂನ್ 30ರಿಂದ ಜಾರಿಯಲ್ಲಿರುವ ಗ್ರೌಂಡ್ ರೆಂಟ್ ಕಾಯ್ದೆಯಿಂದಾಗಿ ಹೊಸದಾಗಿ ಸೇರುವ ವರ್ಷಗಳಿಗೆ ರೆಂಟ್ ಹಾಕುವಂತಿಲ್ಲ, ಹಳೆಯ ಅವಧಿಯ ರೆಂಟನ್ನು ಏರಿಸುವಂತೆಯೂ ಇಲ್ಲ. ಮೊದಲಿನಷ್ಟು ಮೋಸಕ್ಕೆ ಈಗ ಜಾಗವಿಲ್ಲ. ಆದರೆ ಈ ದಾರಿಯಲ್ಲಿ ಫ್ರೀಹೋಲ್ಡರ್ ಯಾವ ದಿನ ಬೇಕಾದರೂ ಹಿಂದೆ ಸರಿಯಬಹುದು, ಮೊತ್ತ ಏರಿಸಬಹುದು. ‘ನಮ್ಮ ಸರ್ವೇಯರ್ ರಜೆಯಲ್ಲಿದ್ದಾರೆ’, ‘ಪತ್ರ ನೋಡುತ್ತಿದ್ದೇವೆ’ ಎನ್ನುತ್ತಲೇ ನಿಮ್ಮನ್ನು 80ರ ಗಡಿ ದಾಟಿಸಿಬಿಡಬಹುದು.

ಅದಕ್ಕೆ ಒಳ್ಳೆಯ ಉಪಾಯ: ಮೊದಲು ಕಾನೂನಿನ ನೋಟಿಸ್ ಕೊಡಿ, ಆಮೇಲೆ ಮಾತಾಡಿ. ನೋಟಿಸ್ ಜೀವಂತ ಇರುವವರೆಗೆ ಲೆಕ್ಕದ ತಾರೀಖು ಗಟ್ಟಿ.

ಕಾನೂನಿನ ದಾರಿ ಹೇಗೆ ಸಾಗುತ್ತದೆ?

ಮೊದಲು ವ್ಯಾಲ್ಯುಯರ್ ಹತ್ತಿರ ಬೆಲೆ ಕಟ್ಟಿಸಿ. ನಂತರ ಸಾಲಿಸಿಟರ್ 1993ರ ಕಾಯ್ದೆಯ 42ನೇ ಸೆಕ್ಷನ್ ನೋಟಿಸ್ ಕಳಿಸುತ್ತಾರೆ. ನೀವು ಎಷ್ಟು ಕೊಡಲು ಸಿದ್ಧ ಎಂದು ಅದರಲ್ಲಿ ಬರೆಯಬೇಕು, ಉತ್ತರಕ್ಕೆ ಕನಿಷ್ಠ ಎರಡು ತಿಂಗಳ ಗಡುವು ಕೊಡಬೇಕು. ಮೊತ್ತ ತೀರಾ ಹಾಸ್ಯಾಸ್ಪದವಾಗಿದ್ದರೆ ನೋಟಿಸೇ ಬಿದ್ದುಹೋಗುವ ಅಪಾಯವಿದೆ, ಚೌಕಾಸಿಗೂ ಒಂದು ಮಿತಿ ಇರಲಿ. ನೋಟಿಸ್ ತಲುಪಿದ ಮೇಲೆ ಫ್ರೀಹೋಲ್ಡರ್ ಠೇವಣಿ ಕೇಳಬಹುದು: ನೀವು ಬರೆದ ಮೊತ್ತದ ಶೇ 10 ಅಥವಾ 250 ಪೌಂಡ್, ಯಾವುದು ಹೆಚ್ಚೋ ಅದು. ಅವರ ವ್ಯಾಲ್ಯುಯರ್ ಮನೆ ನೋಡಲು ಬರುತ್ತಾರೆ.

ಆಮೇಲೆ ಅವರಿಂದ ಪ್ರತಿ-ನೋಟಿಸ್. ಅದರಲ್ಲಿ ಮೊತ್ತ ನಿಮ್ಮದಕ್ಕಿಂತ ಬಹಳ ದೊಡ್ಡದಿರುತ್ತದೆ, ಎದೆ ಒಡೆದುಕೊಳ್ಳಬೇಡಿ. ಇಬ್ಬರು ವ್ಯಾಲ್ಯುಯರ್‌ಗಳೂ ಮಾತಾಡಿ ನಡುವೆ ಎಲ್ಲೋ ನಿಲ್ಲುವುದೇ ಹೆಚ್ಚು. ಒಪ್ಪಂದ ಆಗದಿದ್ದರೆ, ಇಂಗ್ಲೆಂಡಿನಲ್ಲಿ, ಇಂಥ ವಿವಾದ ತೀರ್ಮಾನಿಸುವ ಫಸ್ಟ್-ಟಿಯರ್ ಟ್ರಿಬ್ಯೂನಲ್‌ಗೆ ಅರ್ಜಿ. ಪ್ರತಿ-ನೋಟಿಸ್ ಬಂದು ಎರಡು ತಿಂಗಳಾದ ಮೇಲೆ, ಆರು ತಿಂಗಳು ತುಂಬುವುದರೊಳಗೆ ಅದನ್ನು ಹಾಕಬೇಕು. ಈ ಆರು ತಿಂಗಳು ತಪ್ಪಿತೋ, ನೋಟಿಸ್ ಹಿಂತೆಗೆದುಕೊಂಡಂತೆಯೇ. ಇನ್ನೊಂದು ನೋಟಿಸ್‌ಗೆ ಹನ್ನೆರಡು ತಿಂಗಳು ಕಾಯಬೇಕು, ಅಷ್ಟರಲ್ಲಿ 80ರ ಗಡಿಯೂ ದಾಟಿರಬಹುದು. ಮೊತ್ತ ಕುದುರಿದ ಮೇಲೆ ಹೊಸ ಲೀಸಿಗೆ ಸಹಿ ಹಾಕಿಸಿಕೊಳ್ಳಲೂ ಗಡುವುಗಳಿವೆ. ‘ನಮ್ಮ ಗಡುವುಗಳ ಪಟ್ಟಿ ಕಳಿಸಿ’ ಎಂದು ಸಾಲಿಸಿಟರ್‌ಗೆ ಮೊದಲ ವಾರದಲ್ಲೇ ಇಮೇಲ್ ಮಾಡಿ.

ಪ್ರೀಮಿಯಂ ಬಿಟ್ಟು ಬೇರೆ ಖರ್ಚು?

ನಿಮ್ಮ ಸಾಲಿಸಿಟರ್, ನಿಮ್ಮ ವ್ಯಾಲ್ಯುಯರ್, ಇದರ ಜೊತೆಗೆ ಈಗಿನ ಕಾನೂನಿನಂತೆ ಫ್ರೀಹೋಲ್ಡರ್‌ನ ಸಾಲಿಸಿಟರ್ ಮತ್ತು ವ್ಯಾಲ್ಯುಯರ್ ಖರ್ಚೂ ನಿಮ್ಮದೇ. ಇದು ಅನ್ಯಾಯವೆಂದೇ ನನ್ನ ಭಾವನೆ. ಎದುರಾಳಿಯ ವಕೀಲರ ಫೀಸನ್ನೂ ನಾವೇ ಕೊಡುವ ವ್ಯವಹಾರಗಳು ಹೆಚ್ಚಿಲ್ಲ. ಆದರೆ ಅವರ ಖರ್ಚು ನ್ಯಾಯಸಮ್ಮತವಾಗಿರಬೇಕು, ಚೌಕಾಸಿಗೆ ಮತ್ತು ಟ್ರಿಬ್ಯೂನಲ್ ವಾದಕ್ಕೆ ಅವರು ಮಾಡಿದ ಖರ್ಚನ್ನು ನಿಮ್ಮ ಮೇಲೆ ಹಾಕುವಂತಿಲ್ಲ. ಬಿಲ್ ಬಂದಾಗ ವಿವರ ಕೇಳಿ. ನಡುವೆ ಕೈಬಿಟ್ಟರೂ ಅಲ್ಲಿಯವರೆಗಿನ ಅವರ ಖರ್ಚು ಕೊಡಬೇಕಾಗುತ್ತದೆ.

ಯಾರನ್ನು ಹಿಡಿಯಬೇಕು?

ಮನೆ ಕೊಳ್ಳುವಾಗ ಇದ್ದ ಸಾಲಿಸಿಟರೇ ಸಾಕು ಎಂದುಕೊಳ್ಳಬೇಡಿ. ಇದು ಬೇರೆಯದೇ ಕಸುಬು, ಒಂದು ತಾರೀಖು ತಪ್ಪಿದರೆ ಕೆಲಸ ಕೆಡುತ್ತದೆ. ಇದನ್ನೇ ಮಾಡುವವರ ಸಂಘ ‘ಎಲೆಪ್’ನ ಪಟ್ಟಿಯಲ್ಲಿ ಹುಡುಕಿ. ವ್ಯಾಲ್ಯುಯರ್ ಆರ್‌ಐಸಿಎಸ್ (ಸರ್ವೇಯರ್‌ಗಳ ವೃತ್ತಿ ಸಂಸ್ಥೆ) ಸದಸ್ಯರಾಗಿರಲಿ, ನಿಮ್ಮ ಊರಿನ ಬೆಲೆ ಬಲ್ಲವರಾಗಿರಲಿ. ಸರ್ಕಾರದ ನೆರವಿನಿಂದ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಉಚಿತ ಸಲಹೆ ಕೊಡುತ್ತದೆ, ಅದರ ತಾಣದಲ್ಲಿ ಅಂದಾಜು ಲೆಕ್ಕ ಹಾಕುವ ಕ್ಯಾಲ್ಕ್ಯುಲೇಟರ್ ಇದೆ. ದುಡ್ಡು ಕೊಡುವ ಮುಂಚೆ ಅಲ್ಲಿ ಒಮ್ಮೆ ನೋಡಿ.

76 ವರ್ಷ ಉಳಿದಿರುವ ಫ್ಲ್ಯಾಟ್ ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಬಹುದೇ?

ಅಗ್ಗವಾಗಿರುವುದಕ್ಕೆ ಕಾರಣ ಆ 76. ವಿಸ್ತರಣೆಯ ಪೂರ್ತಿ ಖರ್ಚನ್ನು ಬೆಲೆಗೆ ಸೇರಿಸಿ, ಪಕ್ಕದ ಉದ್ದ ಲೀಸಿನ ಫ್ಲ್ಯಾಟಿನ ಬೆಲೆಯೊಂದಿಗೆ ಹೋಲಿಸಿ ನೋಡಿ. ಸಾಲ ಕೊಡುವ ಬ್ಯಾಂಕಿನ ಕನಿಷ್ಠ ವರ್ಷದ ನಿಯಮವನ್ನೂ ಮೊದಲೇ ಕೇಳಿ. ಒಂದೊಂದು ಬ್ಯಾಂಕಿನದು ಒಂದೊಂದು ಥರ.

ಎರಡು ವರ್ಷದ ನಿಯಮ ಹೋಗಿರುವುದರಿಂದ ಕೊಂಡ ಮೇಲೆ ನೀವೇ ನೋಟಿಸ್ ಕೊಡಬಹುದು. ಆದರೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರು ಏರಿದ ಮೇಲಷ್ಟೇ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುವುದುಂಟು. ಗಡಿಗೆ ಹತ್ತಿರವಿರುವ ಫ್ಲ್ಯಾಟಾದರೆ ಮಾರುವವರ ಕೈಯಿಂದಲೇ ನೋಟಿಸ್ ಕೊಡಿಸಿ, ಅದರ ಹಕ್ಕನ್ನು ಮಾರಾಟದ ಜೊತೆಗೇ ನಿಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಿ. ಎರಡೂ ಒಟ್ಟಿಗೆ ಆಗದಿದ್ದರೆ ನೋಟಿಸ್ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ನಾವು ಬೆಂಗಳೂರಿಗೆ ವಾಪಸ್ ಬಂದಿದ್ದೇವೆ, ಫ್ಲ್ಯಾಟ್ ಬಾಡಿಗೆಗಿದೆ. ನಮಗೂ ಹಕ್ಕಿದೆಯೇ?

ಇದೆ. ನೀವು ಅಲ್ಲಿ ವಾಸ ಇರಬೇಕೆಂಬ ನಿಯಮವಿಲ್ಲ. ನೋಟಿಸ್‌ಗೆ ಲೀಸ್‌ಹೋಲ್ಡರ್ ಖುದ್ದು ಸಹಿ ಹಾಕಬೇಕಿದ್ದ ಕಾಲವೊಂದಿತ್ತು. 2014ರ ತಿದ್ದುಪಡಿಯ ನಂತರ ನಿಮ್ಮ ಪರವಾಗಿ ಸಾಲಿಸಿಟರ್ ಹಾಕಿದರೆ ಸಾಕು. ಹೊಸ ಲೀಸಿನ ಪತ್ರಕ್ಕೆ ಮಾತ್ರ ಸಾಕ್ಷಿಯ ಎದುರು ಸಹಿ ಬೇಕು. ಸಾಕ್ಷಿಯಾಗಿ ಹೆಂಡತಿ, ಗಂಡ ಬೇಡ, ನೆರೆಯವರೊಬ್ಬರು ಇರಲಿ. ಪತ್ರಕ್ಕೆ ಎಲ್ಲಿ ಸಹಿ, ಎಲ್ಲಿ ತಾರೀಖು ಖಾಲಿ ಬಿಡಬೇಕು ಎಂದು ಸಾಲಿಸಿಟರ್ ಹೇಳಿದಂತೆಯೇ ಮಾಡಿ ಕೊರಿಯರ್ ಮಾಡಿ. ಅಣ್ಣನೋ ಸ್ನೇಹಿತರೋ ಅಲ್ಲೇ ಇದ್ದರೆ ಪವರ್ ಆಫ್ ಅಟಾರ್ನಿ ಕೊಡುವುದು ಇನ್ನೂ ಸಲೀಸು.

ಇದಕ್ಕಿಂತ ಮುಖ್ಯವಾದ ಇನ್ನೊಂದಿದೆ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಮ್ಮ ವಿಳಾಸ ಇನ್ನೂ ಆ ಫ್ಲ್ಯಾಟಿನದೇ ಇದ್ದರೆ ಬರುವ ಪತ್ರಗಳೆಲ್ಲ ಬಾಡಿಗೆದಾರರ ಬಾಗಿಲಲ್ಲಿ ಬಿದ್ದಿರುತ್ತವೆ. ಅಲ್ಲಿ ಮೂರು ವಿಳಾಸಗಳವರೆಗೆ ಕೊಡಬಹುದು. ಬೆಂಗಳೂರಿನ ಮನೆಯದನ್ನೂ ಇಮೇಲನ್ನೂ ಸೇರಿಸಿ.

ಫ್ರೀಹೋಲ್ಡರ್ ಯಾರೋ, ಎಲ್ಲಿದ್ದಾರೋ ಗೊತ್ತೇ ಇಲ್ಲ. ಆಗ?

ಹುಡುಕಿದ್ದಕ್ಕೆ ದಾಖಲೆ ಇಟ್ಟುಕೊಂಡು ಕೌಂಟಿ ಕೋರ್ಟಿಗೆ ಹೋಗಬೇಕು. ಟ್ರಿಬ್ಯೂನಲ್ ಬೆಲೆ ಗೊತ್ತುಮಾಡುತ್ತದೆ, ನೀವು ಹಣವನ್ನು ಕೋರ್ಟಿಗೆ ಕಟ್ಟುತ್ತೀರಿ, ಹೊಸ ಲೀಸ್ ಸಿಗುತ್ತದೆ. ನಿಧಾನದ ಕೆಲಸ, ಆದರೆ ಆಗುವ ಕೆಲಸ.

ಅಕ್ಕಪಕ್ಕದವರೆಲ್ಲ ಸೇರಿ ಫ್ರೀಹೋಲ್ಡನ್ನೇ ಕೊಂಡರೆ?

ಚಿಕ್ಕ ಕಟ್ಟಡವಾದರೆ ಅದೇ ಲೇಸು. ಕಟ್ಟಡದ ಫ್ಲ್ಯಾಟುಗಳಲ್ಲಿ ಕನಿಷ್ಠ ಅರ್ಧದಷ್ಟರ ಲೀಸ್‌ಹೋಲ್ಡರ್‌ಗಳು ಸೇರಬೇಕು. ಕೊಂಡ ಮೇಲೆ ನಿಮ್ಮ ನಿಮ್ಮ ಲೀಸನ್ನು 999 ವರ್ಷಕ್ಕೆ ನೀವೇ ಬರೆದುಕೊಳ್ಳಬಹುದು, ರಿಪೇರಿ ಯಾರಿಗೆ ಕೊಡಬೇಕೆಂದೂ ನೀವೇ ತೀರ್ಮಾನಿಸಬಹುದು. ಕಷ್ಟವೆಲ್ಲ ಹತ್ತು ಮನೆಯವರನ್ನು ಒಂದೇ ಮಾತಿಗೆ ತರುವುದರಲ್ಲಿ. ಆ ಮಾತುಕತೆ ಎಳೆಯುತ್ತಿದ್ದು ನಿಮ್ಮ ಲೀಸ್ 80ಕ್ಕೆ ಹತ್ತಿರವಾಗುತ್ತಿದ್ದರೆ ಅವರಿಗಾಗಿ ಕಾಯದೆ ನಿಮ್ಮ ನೋಟಿಸ್ ನೀವು ಕೊಡಿ.

ಈ ಹಕ್ಕು ಯಾರಿಗಿಲ್ಲ?

ಮೂಲ ಲೀಸ್ 21 ವರ್ಷಕ್ಕಿಂತ ಹೆಚ್ಚಿನದಾಗಿರಬೇಕು. ಮಾಮೂಲಿ ಫ್ಲ್ಯಾಟುಗಳಿಗೆ ಇದು ತೊಡಕಲ್ಲ. ನ್ಯಾಷನಲ್ ಟ್ರಸ್ಟ್ ಆಸ್ತಿಗಳು, ವ್ಯಾಪಾರದ ಲೀಸುಗಳು ಹೊರಗಿವೆ. ಶೇರ್ಡ್ ಓನರ್‌ಶಿಪ್‌ನಲ್ಲಿ (ಫ್ಲ್ಯಾಟಿನ ಒಂದು ಪಾಲು ಕೊಂಡು ಉಳಿದದ್ದಕ್ಕೆ ಬಾಡಿಗೆ ಕಟ್ಟುವ ಪದ್ಧತಿ) ಇನ್ನೂ ಪೂರ್ತಿ ಪಾಲು ಕೊಳ್ಳದವರು ತಮ್ಮ ಹೌಸಿಂಗ್ ಅಸೋಸಿಯೇಷನ್ನಿನ ನಿಯಮವನ್ನು ಮೊದಲು ಕೇಳಬೇಕು.

ಅಷ್ಟು ಹಣ ಒಟ್ಟಿಗೆ ಇಲ್ಲ. ತೆರಿಗೆ ಬೇರೆ ಬೀಳುತ್ತದೆಯೇ?

ಈಗಿನ ಸಾಲದ ಮೇಲೆಯೇ ಹೆಚ್ಚುವರಿ ಸಾಲ ಕೊಡುವ ಬ್ಯಾಂಕುಗಳಿವೆ. ಉದ್ದದ ಲೀಸ್ ಅವರಿಗೂ ಭದ್ರತೆ. ನೋಟಿಸ್ ಕೊಟ್ಟು ಹಣ ಪೂರ್ತಿ ಕಟ್ಟುವ ಹೊತ್ತಿಗೆ ಹಲವು ತಿಂಗಳು ಸಿಗುತ್ತವೆ, ಹೊಂದಿಸಿಕೊಳ್ಳಲು ಅದೂ ಅನುಕೂಲ. ಸರ್ವಿಸ್ ಚಾರ್ಜ್ ಬಾಕಿ ಇದ್ದರೆ ಅಷ್ಟರೊಳಗೆ ತೀರಿಸಿ. ಬಾಕಿ ಇಟ್ಟುಕೊಂಡರೆ ಹೊಸ ಲೀಸ್ ಕೊಡದೆ ತಡೆಹಿಡಿಯಲು ಫ್ರೀಹೋಲ್ಡರ್‌ಗೆ ಅವಕಾಶವಿದೆ.

ಪ್ರೀಮಿಯಂ 40,000 ಪೌಂಡ್ ಮುಟ್ಟಿದರೆ ಇಂಗ್ಲೆಂಡಿನಲ್ಲಿ ಸ್ಟ್ಯಾಂಪ್ ಡ್ಯೂಟಿ ರಿಟರ್ನ್ ಸಲ್ಲಿಸಬೇಕು. ಸ್ವಂತ ವಾಸದ ಫ್ಲ್ಯಾಟಾದರೆ ಸಾಮಾನ್ಯ ಮೊತ್ತಗಳಿಗೆ ತೆರಿಗೆ ಬೀಳುವುದು ಅಪರೂಪ. ಬಾಡಿಗೆಗೆ ಬಿಟ್ಟಿದ್ದರೆ, ಭಾರತದಲ್ಲಿ ವಾಸವಿದ್ದರೆ ಹೆಚ್ಚುವರಿ ದರದ ಪ್ರಶ್ನೆ ಏಳುತ್ತದೆ, ಆ ಕಡೆ ಈ ಕಡೆ ಎರಡೂ ಬಲ್ಲ ಅಕೌಂಟೆಂಟ್‌ಗೆ ತೋರಿಸಿ. ಪ್ರೀಮಿಯಂ, ಸಾಲಿಸಿಟರ್, ವ್ಯಾಲ್ಯುಯರ್ ಎಲ್ಲರ ರಸೀದಿಗಳನ್ನೂ ಲೀಸಿನ ಪತ್ರದ ಜೊತೆಗೇ ಇಟ್ಟುಕೊಳ್ಳಿ. ಮುಂದೆ ಬಾಡಿಗೆಯ ಫ್ಲ್ಯಾಟನ್ನು ಮಾರಿದಾಗ ಕ್ಯಾಪಿಟಲ್ ಗೇನ್ಸ್ ಲೆಕ್ಕದಲ್ಲಿ ಈ ಖರ್ಚನ್ನು ಕಳೆಯಲು ಅವು ಬೇಕಾಗುತ್ತವೆ.